ಆಪರೇಷನ್ಸ್ ಅಂದ್ರೆ ನಾನು

ಮಾರ್ಚ್ 8, ಶನಿವಾರ

ಅಪ್ಪನ ಟ್ರಕ್ಕಿನಲ್ಲಿ ಹ್ಯೂಸ್ಟನ್ ಪಕ್ಕದ ನಮ್ಮ ಸೈಪ್ರೆಸ್‌ನಿಂದ ಹೊರಟು ಡಾಲಸ್ ಹತ್ತಿರದ ಸೌತ್‌ಲೇಕ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೃಷ್ಣಮೂರ್ತಿ ಅಂಕಲ್ ಮನೆ. ಅಂಕಲ್ ಮೈಸೂರಿನವರು, ರಿಟೈರ್ ಆದ ಡಾಕ್ಟರು. ಅವರ ಮೊಮ್ಮಗ ಅರ್ಜುನ್ ಈ ವರ್ಷ ಮೂರು ಊರಲ್ಲಿ ಫ್ಯಾನ್ ಕನ್ವೆನ್ಷನ್ ಮಾಡುತ್ತಾನಂತೆ. ಮೇ ತಿಂಗಳಲ್ಲಿ ಡಾಲಸ್ ಕಡೆ ಇರ್ವಿಂಗ್, ಜುಲೈನಲ್ಲಿ ಹ್ಯೂಸ್ಟನ್, ಅಕ್ಟೋಬರಿನಲ್ಲಿ ಆಸ್ಟಿನ್. ಹೆಸರು ವೇಷಕಾನ್. ಕಾಮಿಕ್ಸ್, ಅನಿಮೆ, ಗೇಮ್ ಹುಚ್ಚಿರುವವರು ತಮಗಿಷ್ಟದ ಪಾತ್ರದ ವೇಷ ಹಾಕಿಕೊಂಡು ಬಂದು ಇಡೀ ದಿನ ಸುತ್ತಾಡುತ್ತಾರೆ. ಆ ಹುಚ್ಚು ನನಗೂ ಇದೆ. ಆದರೆ ನನ್ನನ್ನು ಕರೆದದ್ದು ಅದಕ್ಕಲ್ಲ. ಅಪ್ಪ ಮದುವೆಗಳಿಗೆ ಮಂಟಪ, ಕುರ್ಚಿ, ಸ್ಟೇಜು ಬಾಡಿಗೆ ಕೊಡುತ್ತಾನೆ, ಅದಕ್ಕೆ.

ಮೀಟಿಂಗಿನಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದರು. ಅರ್ಜುನ್ ಡೈರೆಕ್ಟರ್. ಅವನ ತಂಗಿ ನಿಹಾರಿಕಾ ಬಾಗಿಲು ಮತ್ತು ಸಾಲು. ಅಂಕಲ್ ಫಸ್ಟ್ ಏಡ್. ಅಂಕಲ್ ಹೆಂಡತಿ ಅಹಲ್ಯಾ ಆಂಟಿ ಕಲ್ಚರಲ್, ಅಂದರೆ ಸ್ಟೇಜಿನ ಕಾರ್ಯಕ್ರಮ.

"ನಿಶಿತಾ ಈಸ್ ಆಪರೇಷನ್ಸ್" ಅಂದ ಅರ್ಜುನ್.

"ಅಂದ್ರ ಏನ್ ಮಾಡ್ಬೇಕು?"

"ಬೇಸಿಕಲಿ, ಬೇರೆ ಯಾರೂ ಮಾಡ್ದೇ ಇರೋದೆಲ್ಲ."

ನಿಹಾರಿಕಾ ನಕ್ಕಳು. ಆಂಟಿ ಚಕ್ಕುಲಿ ತಟ್ಟೆ ನನ್ನ ಕಡೆ ತಳ್ಳಿ ಅಂಕಲ್‌ಗೆ ಹೇಳಿದರು, "ಓದು ಬಿಟ್ಟು ಮನೇಲಿ ಕೂತಿದಾಳೆ ಪಾಪ. ಏನಾದ್ರೂ ಕೊಡಿ ಅಂತ ನಾನೇ ಹೇಳಿದ್ದು."

ನಾನು ಕೂತಿಲ್ಲ. ವಾರಕ್ಕೆ ಮೂರು ಮಂಟಪ ಎತ್ತುತ್ತೇನೆ. ಹನ್ನೊಂದನೇ ಕ್ಲಾಸಿಗೆ ಬಿಟ್ಟೆ, ಹೌದು. ಹುಬ್ಬಳ್ಳಿಯಿಂದ ಬಂದವಳನ್ನು ಒಂದು ಕ್ಲಾಸ್ ಕೆಳಗೆ ಕೂರಿಸಿದರು. ಗೊತ್ತಿದ್ದ ಲೆಕ್ಕವನ್ನೇ ಮತ್ತೆ ಮಾಡಿಸಿದರು. ಮಾತಾಡಿದರೆ ಆಕ್ಸೆಂಟ್ ಅಂದರು, ಬೈದರೆ ಪ್ರಿನ್ಸಿಪಾಲ್ ಹತ್ತಿರ ಕಳಿಸಿದರು. ಒಂದು ದಿನ ಎದ್ದು ಬಂದೆ. ಮುಗೀತು. ಅದಕ್ಕೆ ಯಾರೂ ಪಾಪ ಅನ್ನಬೇಕಾಗಿಲ್ಲ.

ಚಕ್ಕುಲಿ ಮುಟ್ಟಲಿಲ್ಲ. ಕೆಲಸ ಮಾತ್ರ ಒಪ್ಪಿಕೊಂಡೆ. ಮೂರೂ ಊರು ಸರಿಯಾಗಿ ನಡೆದರೆ ಮುಂದಿನ ವರ್ಷದಿಂದ ಆಪರೇಷನ್ಸ್ ಪೂರ್ತಿ ಸಂಬಳದ ಕೆಲಸ, ಅದು ನಿನ್ನದೇ ಅಂದಿದ್ದಾನೆ ಅರ್ಜುನ್. ಅಪ್ಪನ ಗೋಡೌನ್ ಬಿಟ್ಟು ನನಗೆ ಅಂತ ಇರುವ ಮೊದಲ ಕೆಲಸ. ಅದು ನನಗೆ ಬೇಕು. ಎಷ್ಟು ಬೇಕು ಅಂತ ಅವರಿಗೆ ತೋರಿಸುವುದಿಲ್ಲ.

ಮಾರ್ಚ್ 19, ಬುಧವಾರ

ಇವತ್ತು ಆಪರೇಷನ್ಸ್‌ಗೆ ಬಂದ ಕೆಲಸ: ಟಾಯ್ಲೆಟ್ ಪೇಪರ್ ಯಾರು ತರುತ್ತಾರೆ ಅಂತ ಹೇಳಬೇಕು. ಅತಿಥಿಗಳ ಕೋಣೆಗೆ ಕನ್ನಡಿ ಹುಡುಕಬೇಕು. ಅಹಲ್ಯಾ ಆಂಟಿಯ ಗೆಳತಿಯನ್ನು ಹ್ಯೂಸ್ಟನ್ ಏರ್‌ಪೋರ್ಟಿನಿಂದ ಮಗಳ ಮನೆಗೆ ಬಿಡಬೇಕು.

ಕೊನೆಯದು ನನ್ನ ಕೆಲಸವಾ ಅಂತ ಅರ್ಜುನ್‌ಗೆ ಕೇಳಿದೆ. ಹೆಬ್ಬೆರಳಿನ ಇಮೋಜಿ ಕಳಿಸಿದ. ಅದು ಹೌದೋ, ಸುಮ್ಮನಿರು ಅಂತಲೋ ಗೊತ್ತಾಗಲಿಲ್ಲ. ಬಿಟ್ಟು ಬಂದೆ. ಆಕೆ ದಾರಿಯುದ್ದಕ್ಕೂ ನನಗೊಂದು ಗಂಡು ಹುಡುಕಿದರು.

ಮೇ 3, ಶನಿವಾರ

ಇರ್ವಿಂಗ್ ಹಾಳಾಯಿತು.

ಬೆಳಿಗ್ಗೆ ಎಲ್ಲ ಸರಿ ಇತ್ತು. ಹಾಲ್ ತುಂಬ ವೇಷದವರು. ಫೋಮಿನ ಕವಚ, ಕಾಗದದ ರೆಕ್ಕೆ, ಸೊಂಟದವರೆಗೆ ಇಳಿಬಿಟ್ಟ ನೈಲಾನ್ ಕೂದಲು. ಸ್ಟೇಜಿನ ಮೇಲೆ ಅಹಲ್ಯಾ ಆಂಟಿ ಎದೆಯೆತ್ತರದ ಹಿತ್ತಾಳೆ ದೀಪ ನಿಲ್ಲಿಸಿ, ಬತ್ತಿ ಹಾಕಿ, ಎಣ್ಣೆ ಸುರಿಯುತ್ತಿದ್ದರು. ಕಾಮಿಕ್ಸ್ ಕನ್ವೆನ್ಷನ್ನಿಗೆ ದೀಪ. ನಾನು ಓಡಿದೆ.

"ಆಂಟಿ, ಇಲ್ಲಿ ಬೆಂಕಿ ಹಚ್ಚಂಗಿಲ್ಲ. ಹಾಲ್‌ನೋರು ಮೊದಲೇ ಹೇಳ್ಯಾರ."

"ದೀಪ ಹಚ್ಚದೆ ಯಾವ ಕಾರ್ಯಕ್ರಮ ಶುರು ಮಾಡ್ತಾರೆ? ಕನ್ನಡ ಸಂಘದಲ್ಲಿ ಮೂವತ್ತು ವರ್ಷದಿಂದ ಹಚ್ಚಿದೀನಿ."

"ಸಂಘದಾಗ ಯಾರೂ ಫೋಮ್ ಹಾಕ್ಕೊಂಡು ಬರೂದಿಲ್ಲರಿ."

ಅಂಕಲ್ ಬಂದು, "ಎರಡು ನಿಮಿಷ ಅಷ್ಟೇ ಮಗು" ಅಂದರು. ಅರ್ಜುನ್‌ಗೆ ಹೇಳಿದೆ. "ಸ್ಟೇಜ್ ನಿನ್ನ ಕೆಲಸ ಅಲ್ಲ, ಅದನ್ನ ಕಲ್ಚರಲ್ ಹ್ಯಾಂಡಲ್ ಮಾಡುತ್ತೆ" ಅಂದ. ಕಲ್ಚರಲ್ ಅಂದರೆ ಆಂಟಿಯೇ. ಆಂಟಿ ಕಡ್ಡಿ ಗೀರಿದರು. ಮುಖ್ಯ ಅತಿಥಿ, ಒಬ್ಬ ಚಿತ್ರಕಾರ, ಬೆನ್ನಿಗೆ ಹಕ್ಕಿ ಪುಕ್ಕದ ಮೇಲಂಗಿ ಹಾಕಿಕೊಂಡೇ ದೀಪದ ಕಡೆ ಬಗ್ಗಿದ.

ಏನೂ ಹೊತ್ತಿಕೊಳ್ಳಲಿಲ್ಲ. ಅಷ್ಟರಲ್ಲಿ ಹಾಲಿನ ಸೇಫ್ಟಿಯವನು ಬಂದು ಎಲ್ಲ ನಿಲ್ಲಿಸಿದ. ಎಲ್ಲರನ್ನೂ ಪಾರ್ಕಿಂಗ್ ಲಾಟಿಗೆ ಕಳಿಸಿದ. ಹಾಲ್ ಪರೀಕ್ಷೆ ಮಾಡಿ ಒಳಗೆ ಬಿಡುವ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು.

ಅವನು ಕೇಳಿದ್ದು ಒಂದೇ ಪ್ರಶ್ನೆ. ಇಲ್ಲಿ ಆಪರೇಷನ್ಸ್ ಯಾರು? ಅಂಕಲ್, ಆಂಟಿ, ಅರ್ಜುನ್, ನಿಹಾರಿಕಾ, ನಾಲ್ಕೂ ಜನ ನನ್ನ ಕಡೆ ತೋರಿಸಿದರು.

ಅವನು ಹೋದ ಮೇಲೆ ನಾನು ಆಂಟಿಗೆ ಎಲ್ಲರೆದುರಿಗೆ ಹೇಳಿದೆ: "ನಿಮ್ಮ ದೀಪದಿಂದ ಎಲ್ಲಾ ಹಾಳಾತು. ನಿಮಗ ಇಲ್ಲಿ ಏನ್ ಕೆಲಸ ಇತ್ತು?" ಆಂಟಿ ದೀಪದ ಎಣ್ಣೆಯನ್ನು ಬಾಟಲಿಗೆ ವಾಪಸ್ ಬಗ್ಗಿಸಿಕೊಂಡರು. ಸ್ವಲ್ಪ ಸೀರೆಗೆ ಚೆಲ್ಲಿತು.

ಹೇಳಿದ್ದು ಸರಿಯೇ. ಬೇಕಿದ್ದರೆ ಇನ್ನೊಮ್ಮೆ ಹೇಳುತ್ತೇನೆ.

ಮೇ 11, ಭಾನುವಾರ

ವಿಡಿಯೋ ಕಾಲ್. ನನ್ನ ಷರತ್ತು ಹೇಳಿದೆ. ಬೈಗುಳ ನನಗೆ ಬರುವುದಾದರೆ ಅಧಿಕಾರವೂ ನನಗೇ ಬರಬೇಕು. ಸ್ಟೇಜ್, ಬಾಗಿಲು, ಸಾಲು, ಎಲ್ಲಾದರೂ ಸರಿ, ಆಪರೇಷನ್ಸ್ ನಿಲ್ಲಿಸು ಅಂದರೆ ನಿಲ್ಲಬೇಕು. ಆಪರೇಷನ್ಸ್ ಹೇಳದೆ ಯಾರೂ ಏನನ್ನೂ ನಿಲ್ಲಿಸಬಾರದು, ಬದಲಿಸಬಾರದು. ಆಪರೇಷನ್ಸ್ ಅಂದ್ರೆ ನಾನು.

"ಈವನ್ ತಾತ?" ಕೇಳಿದಳು ನಿಹಾರಿಕಾ.

"ತಾತ ಹೇಳಿದ್ರೂ."

ಅಂಕಲ್ ನಕ್ಕರು. "ಸರ್ಜನ್ ಆಗೋಳು ಇವಳು. ಆಗ್ಲಿ, ಕೊಡಪ್ಪ."

ಅಹಲ್ಯಾ ಆಂಟಿ ಕಾಲ್‌ಗೆ ಬರಲಿಲ್ಲ. ಹಿಂದೆ ಪಾತ್ರೆ ಸದ್ದು ಮಾತ್ರ ಕೇಳುತ್ತಿತ್ತು.

ಗೆದ್ದೆ.

ಜುಲೈ 26, ಶನಿವಾರ

ಹ್ಯೂಸ್ಟನ್.

ಬೆಳಿಗ್ಗೆಯಿಂದ ಬೆವರು. ಪ್ರವೇಶದ ಬ್ಯಾಡ್ಜ್ ಮೆಷಿನ್ ನಿಧಾನ, ಸಾಲು ಬಾಗಿಲಿನಿಂದ ಹೊರಗೆ ಬಿಸಿಲಿಗೆ ಹೋಯಿತು. ನಿಹಾರಿಕಾ ತನ್ನ ಕಾಲೇಜಿನ ಗೆಳತಿಯರನ್ನು ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟಳು. ನಾನು ನೋಡಿದೆ, ವಾಕಿಟಾಕಿಯಲ್ಲಿ ಎಲ್ಲ ವಾಲಂಟಿಯರ್‌ಗಳಿಗೂ ಕೇಳುವಂತೆ ಬೈದೆ. ನಿನ್ನ ಮನೆ ಅಲ್ಲ ಇದು, ನನ್ನ ಕೇಳದೆ ಆ ಬಾಗಿಲು ತೆಗೆದರೆ ನೀನೂ ಹೊರಗೆ. ಎಸ್ ಮ್ಯಾಮ್ ಅಂದಳು. ಅದು ನನಗೆ ಇಷ್ಟವಾಯಿತು.

ಆಮೇಲೆ ಹಿಂದಿನ ಬಾಗಿಲಲ್ಲಿ ಐಸ್ ಲಾರಿಯವನ ಜೊತೆ ಜಗಳ. ತಪ್ಪು ಹಾಲಿಗೆ ಇಳಿಸಿ ಬಂದಿದ್ದ. ಜಗಳದ ನಡುವೆ ನಿಹಾರಿಕಾ ಕರೆದಳು. ಹೊರಗೆ ರಾಕ್ಷಸ ವೇಷದ ಹುಡುಗನೊಬ್ಬ ಓಲಾಡುತ್ತಿದ್ದಾನೆ, ಪಕ್ಕದ ಬಾಗಿಲು ತೆಗೆದು ಆ ಸಾಲನ್ನೆಲ್ಲ ಒಳಗೆ ಬಿಡಲಾ? "ಸಾಲು ಮುರೀಬ್ಯಾಡ, ಬರ್ತೀನಿ" ಅಂದೆ. ಮತ್ತೆ ಕರೆದಳು. ನಾನು ಲಾರಿಯವನಿಗೆ ಕೂಗುತ್ತಿದ್ದೆ. ವಾಕಿಟಾಕಿಯ ಸದ್ದು ಕಡಿಮೆ ಮಾಡಿದೆ.

ಹುಡುಗ ಬಿದ್ದ.

ನಾನು ಮುಟ್ಟಿದಾಗ ಕೃಷ್ಣಮೂರ್ತಿ ಅಂಕಲ್ ಕಾಂಕ್ರೀಟಿನ ಮೇಲೆ ಮಂಡಿಯೂರಿ, ಕತ್ತರಿಯಿಂದ ಅವನ ಫೋಮ್ ಎದೆ ಕತ್ತರಿಸುತ್ತಿದ್ದರು. ನಿಹಾರಿಕಾ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದಳು. ಬಾಗಿಲು ಹಾಕಿಯೇ ಇತ್ತು.

"ತೆಗೀಬಾರದಿತ್ತಾ?" ಅಂದೆ.

"ಯೂ ಸೆಡ್ ಡೋಂಟ್" ಅಂದಳು. ಅಷ್ಟೇ.

ಆಂಬ್ಯುಲೆನ್ಸ್ ಬಂತು.

ಜುಲೈ 27, ಭಾನುವಾರ

ಹುಡುಗ ಹುಷಾರಾಗಿದ್ದಾನೆ, ಮನೆಗೆ ಕಳಿಸಿದ್ದಾರೆ ಅಂತ ಅಂಕಲ್ ಮೆಸೇಜ್.

ಮಲಗಿದ್ದೆ. ಊಟ ಬೇಡ ಅಂದೆ. ಅಪ್ಪ ಬಾಗಿಲಲ್ಲಿ ನಿಂತು, "ರೊಟ್ಟಿ ಇಟ್ಟೀನಿ" ಅಂದು ಹೋದ.

ಜುಲೈ 31, ಗುರುವಾರ

ತಪ್ಪು ಬ್ಯಾಡ್ಜ್ ಮೆಷಿನ್ನಿನದು. ಲಾರಿಯವನದು. ನಿಹಾರಿಕಾಗೆ ಕಣ್ಣಿರಲಿಲ್ಲವಾ? ಡಾಕ್ಟರ್ ಆಗುತ್ತೇನೆ ಅಂತ ಓದುತ್ತಿರುವವಳು. ಬಿಸಿಲಲ್ಲಿ ಒಬ್ಬ ಓಲಾಡುತ್ತಿದ್ದರೆ ಬಾಗಿಲು ತೆಗೆಯುವುದಕ್ಕೆ ಅಪ್ಪಣೆ ಬೇಕಾ?

ಬೇಕು ಅಂದಿದ್ದು ಯಾರು ಅಂತ ಗೊತ್ತು. ಬರೆಯುವುದಿಲ್ಲ.

ಆಗಸ್ಟ್ 9, ಶನಿವಾರ

ಸೌತ್‌ಲೇಕ್. ಆಸ್ಟಿನ್ನಿಗೆ ಹೊರಗಿನ ಕಂಪನಿಗೆ ಆಪರೇಷನ್ಸ್ ಕೊಡೋಣ ಅಂದ ಅರ್ಜುನ್. ನನ್ನ ಮುಖ ನೋಡದೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಅಂಕಲ್ ಕಾಫಿ ಲೋಟ ಕೆಳಗಿಟ್ಟು ನನ್ನನ್ನು ಕೇಳಿದರು, "ಮಗು, ನೀನು ಬಾತ್‌ರೂಮಿಗೆ ಹೋದಾಗ ಆಪರೇಷನ್ಸ್ ಯಾರು?"

"ಹೋಗೂದಿಲ್ಲರಿ."

"ಇಡೀ ದಿನ?"

"ಇಡೀ ದಿನ."

ನಿಹಾರಿಕಾಗೆ ನಗು ಬಂತು, ತಡೆದುಕೊಂಡಳು. ಅಂಕಲ್ ನಗಲಿಲ್ಲ. "ಹಾಗಾದ್ರೆ ಆಸ್ಪತ್ರೆಗೆ ನೀನೂ ಒಂದಿನ ಬರ್ತೀಯ" ಅಂದರು. "ಅರ್ಜುನ್, ಇವಳಿಗೆ ಈ ತಿಂಗಳು ಕೊಡು. ಆಪರೇಷನ್ಸ್ ಅಂದ್ರೆ ಏನು ಅಂತ ಮತ್ತೆ ಹೇಳ್ಲಿ. ಯಾರು ಅಂತ ಅಲ್ಲ, ಏನು ಅಂತ. ಸರಿ ಕಾಣದಿದ್ರೆ ಕಂಪನಿಗೆ ಕೊಡು."

ಅಹಲ್ಯಾ ಆಂಟಿ ಎಲ್ಲರಿಗೂ ಕಾಫಿ ಕೊಟ್ಟರು. ನನ್ನ ಲೋಟ ಟೇಬಲ್ ಮೇಲೆ ಇಟ್ಟರು, ಕೈಗೆ ಕೊಡಲಿಲ್ಲ. ಮೇ ತಿಂಗಳಿಂದ ನನ್ನ ಜೊತೆ ಮಾತಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅಂಕಲ್‌ಗೆ ಕೊಡಬೇಕಾದ ಉತ್ತರ ಹುಡುಕಿದೆ. ಬೈಗುಳ ಮಾತ್ರ ಸಿಕ್ಕಿತು.

ಆಗಸ್ಟ್ 17, ಭಾನುವಾರ

ಒಂದು ಮದುವೆಗೆ ಮಂಟಪ ಎತ್ತುವ ಕೆಲಸ ಇತ್ತು. ನಾಲ್ಕು ಕಂಬ, ಮೇಲೆ ಮರದ ಚೌಕಟ್ಟು. ಒಂದು ಮೂಲೆಗೆ ಅಪ್ಪ, ಒಂದಕ್ಕೆ ನಾನು, ಉಳಿದ ಎರಡಕ್ಕೆ ನಮ್ಮ ಕೆಲಸಗಾರ ಮಿಗೆಲ್ ಮತ್ತು ಮೊನ್ನೆ ಸೇರಿದ ಅವನ ಭಾವಮೈದುನ. ಚೌಕಟ್ಟು ತಲೆ ಮೇಲೆ ಎತ್ತಿದ್ದೆವು. ಹೊಸಬ "ತಡಿ" ಅಂದ.

ಅಪ್ಪ ನಿಂತ. ಇಷ್ಟು ಭಾರ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಯಾಕೆ ಅಂತ ಕೇಳದೆ ನಿಂತ. ಮಿಗೆಲ್ ನಿಂತ. ನಾನೂ ನಿಂತಿದ್ದೆ. ಹೊಸಬ ಕೈ ಬದಲಿಸಿಕೊಂಡ, ತಲೆ ಆಡಿಸಿದ, ಮತ್ತೆ ಎತ್ತಿದೆವು.

ಈ ಮಾತು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದೇನೆ. ಇಲ್ಲಿ ಕೆಲಸಕ್ಕೆ ಸೇರಿದವರು ಮೊದಲು ಕಲಿಯುವ ಕನ್ನಡ ಇದೊಂದೇ. ಇವತ್ತು ಊಟಕ್ಕೆ ಕೂತಾಗ ಕೇಳಿದೆ.

"ಅಪ್ಪ, ಅವ ನಿನ್ನೆ ಮೊನ್ನೆ ಬಂದಾವ. ಅವ ತಡಿ ಅಂದ್ರ ನೀ ಯಾಕ ನಿಂದರಬೇಕು? ಮಾಲಕ ನೀನಾ ಅವನಾ?"

"ಕೈ ಜಾರೂದು ಯಾರ್ದು?"

"ಅವಂದು."

"ಹಂಗಿದ್ರ ಗೊತ್ತಾಗೂದು ಅವಗನ. ನನಗ ಹೆಂಗ ಗೊತ್ತಾಗಬೇಕು, ನಾ ಈ ಮೂಲ್ಯಾಗ ಇರ್ತೀನಿ."

"ಸುಳ್ಳ ತಡಿ ಅಂದ್ರ? ಏನೂ ಇಲ್ದ?"

"ಅಂತಾರ. ಭಾಳ ಸಲ ಏನೂ ಇರೂದಿಲ್ಲ." ಅಪ್ಪ ಮೊಸರಿಗೆ ಉಪ್ಪು ಹಾಕಿಕೊಂಡ. "ಒಮ್ಮೆ ಬೈದು ನೋಡು, ಮುಂದ ಖರೇನ ಜಾರಿದಾಗೂ ಅವ ಬಾಯಿ ಬಿಡೂದಿಲ್ಲ. ಚೌಕಟ್ಟು ನಿನ್ನ ತಲೀಮ್ಯಾಲ."

ಹ್ಯೂಸ್ಟನ್ನಿನಲ್ಲಿ ನಿಹಾರಿಕಾ ಬಾಗಿಲಿಗೆ ಬೆನ್ನು ಒತ್ತಿ ನಿಂತಿದ್ದು ಕಣ್ಣ ಮುಂದೆ ಬಂತು.

ಆಗಸ್ಟ್ 21, ಗುರುವಾರ

ಅರ್ಜುನ್‌ಗೆ ಮೆಸೇಜ್ ಕಳಿಸಿದೆ. ಎಷ್ಟೋ ಸಲ ಬರೆದು ಅಳಿಸಿದ ಮೇಲೆ ಉಳಿದದ್ದು ಇದು: ಯಾರು ಬೇಕಾದರೂ ತಡಿ ಅನ್ನಬಹುದು. ಅಂದರೆ ಎಲ್ಲ ನಿಲ್ಲಬೇಕು. ಆಪರೇಷನ್ಸ್ ಕೆಲಸ ಅಲ್ಲಿಗೆ ಹೋಗಿ ನೋಡುವುದು, ಮತ್ತೆ ಶುರು ಮಾಡಿಸುವುದು. ಸುಳ್ಳು ತಡಿ ಅಂದವರಿಗೆ ಯಾರೂ ಏನೂ ಅನ್ನಬಾರದು. ನಾನು ಊಟಕ್ಕೆ, ಬಾತ್‌ರೂಮಿಗೆ ಹೋದಾಗ ಆಪರೇಷನ್ಸ್ ನಿಹಾರಿಕಾ.

ಅರ್ಜುನ್ ಫೋನ್ ಮಾಡಿದ. "ಹಾಗಾದ್ರೆ ಹದಿನಾರರ ವಾಲಂಟಿಯರ್ ಇಡೀ ಶೋ ನಿಲ್ಲಿಸಬಹುದಾ?"

"ಹೌದು."

"ದಟ್ಸ್ ಕ್ರೇಜಿ."

"ಹೌದು."

ಆಸ್ಟಿನ್ ಒಂದಕ್ಕೆ ನೋಡೋಣ ಅಂದ. ಅಲ್ಲಿ ಕೆಟ್ಟರೆ ಮುಂದಿನ ವರ್ಷ ಕಂಪನಿ. ಫೋನ್ ಇಟ್ಟ ಮೇಲೆ ನಿಹಾರಿಕಾಗೆ ಮಾಡಿದೆ. ಹ್ಯೂಸ್ಟನ್ ವಿಷಯ ಹೇಳಬೇಕು ಅಂತ ಮಾಡಿದ್ದು. "ಅವತ್ತು ನಾ ಸದ್ದು ಕಮ್ಮಿ ಮಾಡಿದ್ದೆ" ಅಂದೆ. ಅವಳು "ಐ ನೋ. ಯೂ ನೆವರ್ ಆನ್ಸರ್ಡ್" ಅಂದಳು. ಆಮೇಲೆ ತಡಿ ಅನ್ನುವುದನ್ನು ಹೇಗೆ ಹೇಳುವುದು ಅಂತ ಕೇಳಿದಳು. ಮನೆಯಲ್ಲಿ ಕನ್ನಡ ಕೇಳುತ್ತಾಳೆ, ಬಾಯಿಗೆ ಬರುವುದಿಲ್ಲ. ಸುಮಾರು ಹತ್ತು ಸಲ ಹೇಳಿಸಿದೆ.

ಅಕ್ಟೋಬರ್ 10, ಶುಕ್ರವಾರ

ಆಸ್ಟಿನ್. ಇಡೀ ದಿನ ಟೇಬಲ್ ಇಳಿಸಿದೆವು. ಸಂಜೆ ಎಲ್ಲ ವಾಲಂಟಿಯರ್‌ಗಳನ್ನು ನಿಲ್ಲಿಸಿ ನಿಹಾರಿಕಾ ಪಾಠ ಮಾಡಿದಳು. ತೆಲುಗಿನವರು, ವಿಯೆಟ್ನಾಮಿನವರು, ಮೆಕ್ಸಿಕೋದವರು, ಇಲ್ಲೇ ಹುಟ್ಟಿದ ಬಿಳಿಯರು, ಎಲ್ಲ ಸೇರಿ ತಡಿ, ತಡಿ ಅಂದರು. ಹಾಲಿನ ಕೆಲಸದವರು ಇದೇನು ಮಂತ್ರ ಅಂತ ನೋಡುತ್ತಿದ್ದರು.

ಅಹಲ್ಯಾ ಆಂಟಿ ಒಂದು ಮೂಲೆಯಲ್ಲಿ ಕೂತಿದ್ದರು. ಕಲ್ಚರಲ್ ಇಲ್ಲ ಈ ಸಲ. ಅಂಕಲ್ ಜೊತೆ ಬಂದಿದ್ದಾರೆ ಅಷ್ಟೇ. ಸ್ಟೇಜಿನ ಮೆಟ್ಟಿಲ ಹತ್ತಿರ ಒಬ್ಬರು ಕಡಿಮೆ ಇದ್ದರು. ವಾಕಿಟಾಕಿ ತೆಗೆದುಕೊಂಡು ಹೋಗಿ ಕೇಳಿದೆ, "ಆಂಟಿ, ನಾಳೆ ಮೆರವಣಿಗೆ ಹೊತ್ತಿನಾಗ ಮೆಟ್ಟಿಲ ಹತ್ರ ಕೂತು ನೋಡ್ತೀರೇನ್ರಿ? ಹತ್ತೋರು ಇಳಿಯೋರು ಎಡವದಂಗ."

"ನನಗ್ಯಾಕೆ? ನನಗೆ ಇಲ್ಲಿ ಏನು ಕೆಲಸ?"

ಅದು ನನ್ನದೇ ಮಾತು. ಮುಖಕ್ಕೆ ಬಂದು ಬಡಿಯಿತು.

"ಇದು ಕೆಲಸರಿ" ಅಂದೆ. "ನಾ ಅವತ್ತು ಹಂಗ ಅನ್ನಬಾರದಿತ್ತು."

ಆಂಟಿ ವಾಕಿಟಾಕಿ ತಿರುಗಿಸಿ ನೋಡಿದರು. "ಯಾವ ಗುಂಡಿ ಒತ್ತಬೇಕು" ಅಂದರು.

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆಯಿಂದ ಮೂರು ಸಲ ತಡಿ ಅಂದರು. ಒಮ್ಮೆ ನೆಲಕ್ಕೆ ಜ್ಯೂಸ್ ಚೆಲ್ಲಿತ್ತು. ಇನ್ನೊಮ್ಮೆ ವೈರ್ ಎದ್ದಿತ್ತು. ಒಂದು ಸುಮ್ಮನೆ, ಹೇಳಿ ನೋಡಬೇಕು ಅನ್ನಿಸಿತಂತೆ. ಅವನಿಗೆ ಏನೂ ಅನ್ನಲಿಲ್ಲ, ಹಲ್ಲು ಕಚ್ಚಿಕೊಂಡೆ. ಮಧ್ಯಾಹ್ನ ಊಟ ಮಾಡಿದೆ, ಕೂತು. ವಾಕಿಟಾಕಿ ನಿಹಾರಿಕಾ ಹತ್ತಿರ ಇತ್ತು.

ಸಂಜೆ ವೇಷದ ಮೆರವಣಿಗೆ. ಹಾಲ್ ತುಂಬಿತ್ತು. ಹಾಲಿನ ಲೈಟ್ ಆರಿಸಿ ಸಂಗೀತ ಶುರು ಮಾಡಿದರು. ಮೊದಲ ಗುಂಪು ಮೆಟ್ಟಿಲ ಪಕ್ಕದ ಇಳಿಜಾರು ಹಲಗೆ ಮೇಲೆ ಕಾಲಿಟ್ಟಿತು. ವಾಕಿಟಾಕಿಯಲ್ಲಿ ಅಹಲ್ಯಾ ಆಂಟಿಯ ದನಿ: "ತಡಿ. ತಡಿ."

ಸೌಂಡಿನವನು ಸಂಗೀತ ನಿಲ್ಲಿಸಿದ. ಲೈಟ್ ಬಂತು. ಇಡೀ ಹಾಲ್ ಕೂಗಿತು. ನಾನು ಓಡಿದೆ.

"ಹಲಗೆ ಅಲುಗಾಡಿತು" ಅಂದರು ಆಂಟಿ. "ನನ್ನ ಕಾಲಿಗೆ ಗೊತ್ತಾಯ್ತು."

ಕೆಳಗೆ ನುಗ್ಗಿ ಎಲ್ಲ ಬೋಲ್ಟು ತಿರುಗಿಸಿ ನೋಡಿದೆ. ಬಿಗಿಯಾಗಿದ್ದವು. ಮೇಲೆ ಹತ್ತಿ ಕುಣಿದೆ. ಅಲುಗಲಿಲ್ಲ. ಸಂಗೀತ ಹಾಕಿಸಿ ನೋಡಿದೆ. ಪಕ್ಕದ ದೊಡ್ಡ ಸ್ಪೀಕರ್ ಗುಂಯ್ ಅಂದಾಗ ನೆಲವೇ ನಡುಗುತ್ತಿತ್ತು, ಹಲಗೆಯಲ್ಲ.

ಅರ್ಜುನ್ ಬಂದ. ಮುಖ ಕೆಂಪಾಗಿತ್ತು. "ಅತಿಥಿಗಳು ಬ್ಯಾಕ್‌ಸ್ಟೇಜಲ್ಲಿ ಕಾಯ್ತಿದಾರೆ. ಹೂ ಕಾಲ್ಡ್ ಇಟ್?"

ಆಂಟಿ ಎದ್ದು ನಿಂತರು. "ನಾನೇ ಕಣೋ. ತಪ್ಪಾಯ್ತು. ನನ್ನಿಂದ ಪ್ರತಿಸಲ..."

"ಯಾರು ಅಂತ ಕೇಳಂಗಿಲ್ಲ" ಅಂದೆ ಅರ್ಜುನ್‌ಗೆ. "ಏನು ಅಂತ ಕೇಳು. ಏನೂ ಇಲ್ಲ. ನೋಡೀನಿ. ಶುರು ಮಾಡು."

"ಸ್ಪೀಕರ್‌ಗೆ ನಿಲ್ಲಿಸ್ತಾರಾ ಯಾರಾದ್ರೂ? ಈ ರೂಲ್ ಇವತ್ತಿಗೆ ಸಾಕು."

"ರೂಲ್ ತೆಗೆದ್ರ ನಾನೂ ಇಲ್ಲ. ಈಗ, ಮುಂದಿನ ವರ್ಷನೂ. ಕಂಪನಿಗೆ ಕೊಡು."

ಸಿಟ್ಟಿನಲ್ಲಿ ಹೇಳಲಿಲ್ಲ. ಆ ಕೆಲಸ ಹೋದರೆ ನಾಳೆ ಮತ್ತೆ ಗೋಡೌನ್ ಅಂತ ಗೊತ್ತಿದ್ದೇ ಹೇಳಿದೆ. ಅರ್ಜುನ್ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಸೌಂಡಿನವನ ಪಕ್ಕಕ್ಕೆ ಹೋಗಿ ನಿಂತು ಕೈ ಎತ್ತಿದ. ಲೈಟ್ ಆರಿತು.

ಆಂಟಿ ವಾಕಿಟಾಕಿಯನ್ನು ಕುರ್ಚಿ ಕೆಳಗೆ ಇಟ್ಟುಬಿಟ್ಟಿದ್ದರು. ಎತ್ತಿ ಅವರ ಮಡಿಲಲ್ಲಿ ಇಟ್ಟೆ. "ಸರಿ ಮಾಡಿದ್ರಿ. ಇನ್ನೊಮ್ಮೆ ಅನ್ನಿಸಿದ್ರೂ ಅನ್ರಿ." ಪಕ್ಕದ ಕುರ್ಚಿ ಖಾಲಿ ಇತ್ತು, ಕೂತೆ.

"ಇಲ್ಯಾಕೆ ಕೂತೆ? ನಿನಗೆ ಕೆಲಸ ಇಲ್ವೇನೇ?"

"ಇದೇ ಕೆಲಸರಿ."

ಒಂದಾದ ಮೇಲೊಂದು ಗುಂಪು ಹೋಯಿತು. ಆಂಟಿ ಒಬ್ಬೊಬ್ಬರ ಕಾಲು ನೋಡುತ್ತಿದ್ದರು. ಮುಖ ನೋಡಲೇ ಇಲ್ಲ. ಕೊನೆಯಲ್ಲಿ ಮಕ್ಕಳು. ಚಿಟ್ಟೆ ವೇಷದ ಹುಡುಗಿಯೊಬ್ಬಳ ರೆಕ್ಕೆ ಕಳಚಿ ಮೇಲಿನ ಮೆಟ್ಟಿಲಿಗೆ ಬಿತ್ತು. ಹಿಂದಿನ ಮಗುವಿನ ತಲೆಗೆ ದೊಡ್ಡ ಹೆಲ್ಮೆಟ್, ಕೆಳಗೇನೂ ಕಾಣಿಸುತ್ತಿರಲಿಲ್ಲ. ನಾನು ಆಗ ಹಾಲಿನ ಬಾಗಿಲ ಕಡೆ ನೋಡುತ್ತಿದ್ದೆ. ಆಂಟಿ ಗುಂಡಿ ಒತ್ತಿದರು. ದನಿ ಈ ಸಲ ತುಂಬ ಸಣ್ಣದಾಗಿತ್ತು.

"ತಡಿ."

ಸಂಗೀತ ನಿಂತಿತು. ಸೌಂಡಿನವನ ಕಡೆ ನೋಡಿದೆ. ಸಂಗೀತದ ಗುಂಡಿ ಒತ್ತಿ ನಿಲ್ಲಿಸಿದವನು ಅವನಲ್ಲ, ಅರ್ಜುನ್. ಯಾರು ಅಂತ, ಯಾಕೆ ಅಂತ ಕೇಳಲಿಲ್ಲ. ಕೈ ಗುಂಡಿಯ ಮೇಲೆ ಇಟ್ಟುಕೊಂಡೇ ನಮ್ಮ ಕಡೆ ನೋಡುತ್ತಾ ಕಾಯುತ್ತಿದ್ದ.

ನಾನು ಮೆಟ್ಟಿಲು ಹತ್ತಿ ರೆಕ್ಕೆ ಎತ್ತಿಕೊಂಡೆ. ಹುಡುಗಿಯ ಬೆನ್ನಿಗೆ ಗಂಟು ಹಾಕಿ ಕಟ್ಟಿದೆ. ಎಳೆದು ನೋಡಿದೆ, ಗಟ್ಟಿಯಾಗಿತ್ತು. ನಡಿ ಅಂದೆ.